ಅಪ್ಪ ಹೇಳಿದ ಕಾಗದ

ಸಿದ್ದಾಪುರ
18 ಆಗಸ್ಟ್ 2005

ಉಪ್ಪುನೀರಿನ ಪಾಳೇಗಾರರೂ, ಸೀಟಿಧಾರಿಗಳೂ, ನಮ್ಮ ಮನೆಯ ಒಂದೇ ಗಂಡು ಸಂತಾನವೂ ಆದ ಶ್ರೀ ಮಲ್ಲೇಶಣ್ಣನವರ ಪಾದಗಳಿಗೆ (ತೊಳೆದಿದ್ದರೆ ಮಾತ್ರ) ತಂಗಿ ಸುರೇಖಾ ಮಾಡಿಕೊಳ್ಳುವ ವಿಜ್ಞಾಪನೆ.

ತಮ್ಮ ಪತ್ರವನ್ನು ಕಳೆದ ಶುಕ್ರವಾರ ಸಂಜೆ ಮನೆಯ ಕಟ್ಟೆಯ ಮೇಲೆ ಬಹಿರಂಗವಾಗಿ ಓದಲಾಯಿತು. ಹಾಜರಿದ್ದವರು ಅಪ್ಪ, ಅವ್ವ, ಅಂಚೆಯ ಖಾಜಾಸಾಬ ಕಾಕಾ ಮತ್ತು ಎರಡು ಆಡು. ನೀನು ಸಮುದ್ರದ ತೆರೆಯ ಮೇಲೆ ಹಲಗೆ ಹಾಕಿ ಅದರ ಮೇಲೆ ಎದ್ದು ನಿಲ್ಲುತ್ತೀಯ ಎಂಬ ಸಾಲು ಬಂದಾಗ ಆಡುಗಳು ಮಾತ್ರ ನಂಬಿದವು. ಅವ್ವ ಮೊರ ಕೆಳಗಿಟ್ಟು, "ಹಲಗಿ ಹೊಡ್ಯಾಕ ಗದ್ದಿ ಸಿಗಲಿಲ್ಲೇನ ಅವಗ? ಸಮುದ್ರ ಸಮ ಮಾಡಾಕ ಹೋಗ್ಯಾನ?" ಎಂದಳು. ಅವಳ ತಪ್ಪಿಲ್ಲ. ನಾಟಿಗೆ ಮುಂಚೆ ಕೆಸರುಗದ್ದೆಯಲ್ಲಿ ಎತ್ತಿನ ಹಿಂದೆ ಹಲಗೆ ಕಟ್ಟಿ, ಅದರ ಮೇಲೆ ನಿಂತು ನೆಲ ಸಮ ಮಾಡುವುದರಲ್ಲಿ ನಿನ್ನನ್ನು ಮೀರಿಸುವವರು ಸುತ್ತಲಿನ ಯಾವ ಊರಿನಲ್ಲೂ ಇರಲಿಲ್ಲ. ಕೈಬಿಟ್ಟು ನಿಂತು ಬೀಡಿ ಹಚ್ಚುತ್ತಿದ್ದೆ ಎಂಬುದನ್ನು ಅಪ್ಪನಿಗೆ ನಾನು ಇಂದಿಗೂ ಹೇಳಿಲ್ಲ. ಈ ಔದಾರ್ಯವನ್ನು ದಾಖಲಿಸಿಕೊಳ್ಳತಕ್ಕದ್ದು.

ಅಪ್ಪ ನಗಲಿಲ್ಲ. ನೀನು ಕಾಯುವ ದಂಡೆ ಎಷ್ಟುದ್ದ ಇದೆ ಎಂದು ಕೇಳಿದ. ಅರ್ಧ ಮೈಲು ಎಂದೆ. "ಅರ್ಧ ಮೈಲಾದರೂ ಅದು ಅವನ ಮೈಲು" ಎಂದು ಕೋಲು ತೆಗೆದುಕೊಂಡು ಎದ್ದ. ಕಾಲುವೆಗೆ ನೀರು ಬಿಟ್ಟು ಹದಿನೈದು ದಿನವಾಯಿತು. ಗ್ಯಾಂಗ್‌ಮನ್ ಓಬಳೆಪ್ಪನವರ, ಅಂದರೆ ನಮ್ಮ ಅಪ್ಪನ, ಸಂಸಾರ ನಿನಗೆ ಗೊತ್ತಿದ್ದದ್ದೇ. ನೀರು ಹರಿಯುವಷ್ಟು ದಿನ ಅವರು ತಾವು ಕಾಯುವ ಒಂದು ಮೈಲು ಬಿಟ್ಟು ಅಲುಗುವುದಿಲ್ಲ. ಎಲ್ಲಿ ಏಡಿ ತೂತು ಕೊರೆದಿದೆ, ಎಲ್ಲಿ ಏರಿ ಒದ್ದೆಯಾಗಿದೆ ಎಂದು ನೋಡುತ್ತ ನಡೆಯುವುದೇ ನಡೆಯುವುದು. ತಳಕಲ್ಲಿನಲ್ಲಿ ಸೋದರತ್ತೆಯ ಮಗಳ ಮದುವೆಗೂ ಹೋಗಲಿಲ್ಲ. ಊಟದ ವರದಿಯನ್ನು ನಾನು ತಂದು ಒಪ್ಪಿಸಿದೆ.

ಇನ್ನೊಂದು ಸಾಧನೆ. "ಅಂಚೆಯವರು ಪ್ರತಿ ಮನೆಯ ಮುಂದೆ ಮೂರು ಸಲ ಗಂಟೆ ಬಾರಿಸತಕ್ಕದ್ದು" ಎಂದು ಇಲಾಖೆಯ ಭಾಷೆಯಲ್ಲಿ ಒಂದು ಆದೇಶ ಬರೆದು, ಬಳೆಗೆ ಮಸಿ ಹಚ್ಚಿ ಮೊಹರು ಒತ್ತಿ ಖಾಜಾಸಾಬ ಕಾಕಾನ ಚೀಲಕ್ಕೆ ಹಾಕಿದ್ದೆ. ಪಾಪ, ಒಂದು ವಾರ ಬಾರಿಸಿದ. ಗೊತ್ತಾದ ಮೇಲೆ, "ಬೇಟಿ, ನಿನ್ನ ಕೈ ಒಂದ ದಿನ ಕಟ್ಟಿ ಹಾಕಬೇಕಾಗತೈತಿ ನೋಡು" ಎಂದು ನಕ್ಕ.

ಇಂತಿ ತಮ್ಮ ವಿಧೇಯಳಲ್ಲದ,
ಸುರೇಖಾ

*

ಹೊನ್ನಾವರ ತಾಲೂಕು, ಸಮುದ್ರ ದಂಡೆ
5 ಅಕ್ಟೋಬರ್ 2005

ಅಪ್ಪನಿಗೆ ಮಲ್ಲೇಶನ ನಮಸ್ಕಾರಗಳು.

ಸುರೇಖಾ, ಇದನ್ನು ಅಪ್ಪನಿಗೆ ಸಾವಕಾಶ ಓದಿ ಹೇಳು. ನಡುವೆ ನಿನ್ನ ಮಾತು ಸೇರಿಸಬೇಡ.

ಅಪ್ಪಾ, ನನಗೆ ತೆರೆ ಹತ್ತುವುದನ್ನು ಕಲಿಸಿದ ಮೇಸ್ತ್ರಿ ನವೆಂಬರಿನಲ್ಲಿ ಮೂವರು ಹುಡುಗರನ್ನು ಕರೆದುಕೊಂಡು ಹೊರಡುತ್ತಿದ್ದಾನೆ. ಕೇರಳದ ದಂಡೆಗಳು, ಕನ್ಯಾಕುಮಾರಿ, ಅದನ್ನು ದಾಟಿ ಆ ಕಡೆಯ ಸಮುದ್ರ. ಫೆಬ್ರುವರಿಗೆ ವಾಪಸು. ನನ್ನನ್ನೂ ಕರೆದಿದ್ದಾನೆ. ಒಂದೊಂದು ದಂಡೆಯಲ್ಲಿ ತೆರೆ ಒಂದೊಂದು ರೀತಿ ಒಡೆಯುತ್ತದಂತೆ. ಒಂದು ಕಡೆ ಉದ್ದಕ್ಕೆ ಮಡಚಿಕೊಂಡು ಬರುತ್ತದೆ, ಇನ್ನೊಂದು ಕಡೆ ಗೋಡೆಯ ಹಾಗೆ ಏಳುತ್ತದೆ. ಇಲ್ಲಿಯ ತೆರೆಗಳು ನನಗೆ ಕಂಠಪಾಠವಾಗಿವೆ. ಕಣ್ಣು ಮುಚ್ಚಿದರೂ ಎಲ್ಲಿ ಬೀಳಿಸುತ್ತವೆ ಎಂದು ಹೇಳಬಲ್ಲೆ. ಇಲ್ಲೇ ಉಳಿದರೆ ಇಷ್ಟೇ.

ಆದರೆ ಡಿಸೆಂಬರಿನಲ್ಲಿ ಇಲ್ಲಿಗೆ ಸಾಲಿ ಕಾಲೇಜಿನ ಪ್ರವಾಸದ ಬಸ್ಸುಗಳು ಬರುತ್ತವೆ. ನೀರಿಗೆ ಇಳಿದವರನ್ನು ಸೀಟಿ ಊದಿ ಹಿಂದಕ್ಕೆ ಕರೆಯುವವನು ನಾನೊಬ್ಬನೇ. ಕೆಲಸ ಕೊಟ್ಟ ಲಾಡ್ಜಿನ ಮಾಲೀಕರು, ಹೋಗುವುದಾದರೆ ಹೋಗು, ಚಹಾ ಅಂಗಡಿಯವನು ನೋಡಿಕೊಳ್ಳುತ್ತಾನೆ ಅನ್ನುತ್ತಾರೆ. ಅವನಿಗೆ ಈಜು ಬರುವುದಿಲ್ಲ.

ಎರಡು ವಾರದಿಂದ ನಿದ್ದೆ ಇಲ್ಲ. ಹೊಸ ದಂಡೆಗೆ ಹೋಗಲೋ, ಇಲ್ಲೇ ಇರಲೋ. ನೀನು ಏನು ಹೇಳುತ್ತೀಯೋ ಅದನ್ನು ಮಾಡುತ್ತೇನೆ. ಬೇಗ ಬರೆಸು.

ನಿನ್ನ ಮಗ,
ಮಲ್ಲೇಶ

*

ಸಿದ್ದಾಪುರ
22 ಅಕ್ಟೋಬರ್ 2005

ಮಗ ಮಲ್ಲೇಶನಿಗೆ ಅಪ್ಪ ಓಬಳೆಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಓದಿಸಿ ಕೇಳಿದೆ. ಎರಡು ದಿನ ವಿಚಾರ ಮಾಡಿದೆ. ನಾನು ಇಪ್ಪತ್ತಾರು ವರ್ಷ ಒಂದೇ ಮೈಲು ನಡೆದವನು. ಅದರ ಒಂದೊಂದು ಕಲ್ಲೂ ನನಗೆ ಗೊತ್ತು. ಅದರಾಚೆಯ ಮೈಲಿನಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ. ಅದು ನನಗೆ ಸಾಕಾಗಿತ್ತು. ನಿನಗೆ ಸಾಕಾಗುವುದಿಲ್ಲ ಎಂದು ನಿನ್ನ ಕಾಗದ ಕೇಳಿದಾಗ ತಿಳಿಯಿತು.

ಹೋಗು. ಎಲ್ಲ ದಂಡೆ ನೋಡು. ಹಿಂದೆ ತಿರುಗಿ ನೋಡುತ್ತ ಹೋಗಬೇಡ, ಬಿದ್ದೀಯ.

ಅವ್ವ ಆರಾಮ ಇದ್ದಾಳೆ.

ಇಂತಿ ನಿನ್ನ ಅಪ್ಪ,
ಓಬಳೆಪ್ಪ (ಹೆಬ್ಬೆಟ್ಟು)
ಬರೆದವಳು: ಸುರೇಖಾ

*

ಕೇರಳ
30 ನವೆಂಬರ್ 2005

ಅಪ್ಪಾ,

ಇದು ಮೂರನೆಯ ದಂಡೆ. ಇಲ್ಲಿ ಕೆಂಪು ಬಂಡೆಗಳ ಬುಡಕ್ಕೆ ಸಮುದ್ರ ಬಂದು ಬಡಿಯುತ್ತದೆ. ಮೊದಲ ದಿನ ಹನ್ನೊಂದು ಸಲ ಬಿದ್ದೆ. ಮೂಗು, ಕಿವಿ, ಬಾಯಿ ತುಂಬ ಉಪ್ಪುನೀರು. ನಿನ್ನೆ ಬೆಳಿಗ್ಗೆ ಒಂದು ತೆರೆ ಬಂತು. ಎದ್ದು ನಿಂತವನು ನಲವತ್ತು ಎಣಿಸುವವರೆಗೂ ಬೀಳಲಿಲ್ಲ. ಕಾಲ ಕೆಳಗೆ ನೀರು ಓಡುತ್ತದೆ, ನಾನು ನಿಂತಲ್ಲೇ ನಿಂತಿರುವ ಹಾಗೆ ಅನ್ನಿಸುತ್ತದೆ. ದಂಡೆಗೆ ಬಂದು ಮರಳಲ್ಲಿ ಕೂತು ಅತ್ತೆ. ಮೇಸ್ತ್ರಿ ಹೆದರಿದ, ಪೆಟ್ಟಾಯಿತೇ ಎಂದು ಕೇಳಿದ.

ಪೆಟ್ಟಲ್ಲ. ನೀನು ನನಗೆ ಬೇಡ ಎಂದದ್ದು ನೂರು ಸಲ ಇರಬಹುದು. ಹೋಗು ಎಂದದ್ದು ಇದೇ ಮೊದಲು. ಅದಕ್ಕೇ ಅತ್ತೆ.

ನಿನ್ನ ಮಗ,
ಮಲ್ಲೇಶ

*

ಸಿದ್ದಾಪುರ
12 ಡಿಸೆಂಬರ್ 2005

ಸಪ್ತಸಾಗರ ಸಂಚಾರಿಗಳಾದ ಅಣ್ಣನವರಿಗೆ,

ಹನ್ನೊಂದು ಸಲ ಬಿದ್ದದ್ದಕ್ಕೆ ಸಂತಾಪ ಸೂಚಕ ಸಭೆ ನಡೆಸಿ ಒಂದು ನಿಮಿಷ ಮೌನ ಆಚರಿಸಲಾಯಿತು. ಸಭೆಯಲ್ಲಿ ನಾನೊಬ್ಬಳೇ ಇದ್ದೆ.

ಅಪ್ಪ ಕ್ಷೇಮ. ನಿನ್ನ ಕಾಗದ ಬಂತು ಎಂದು ಹೇಳಿದ್ದೇನೆ. ಸಂತೋಷಪಟ್ಟ. ಇನ್ನು ಮುಂದೆ ಪತ್ರಗಳನ್ನು ಅಪ್ಪನ ಹೆಸರಿಗೆ ಹಾಕದೆ ನನ್ನ ಹೆಸರಿಗೇ ಹಾಕತಕ್ಕದ್ದು. ಕಾರಣ ಕೇಳಕೂಡದು. ಕಚೇರಿಯ ಗುಟ್ಟು.

ಬೇರೆ ವಿಶೇಷವಿಲ್ಲ. ಕೊಯ್ಲು ಮುಗಿಯುತ್ತ ಬಂತು. ಅವ್ವ ನಿನಗೆ ಅಲ್ಲಿ ಮೀನು ತಿನ್ನಿಸುತ್ತಾರೇನೋ ಎಂದು ಹುಲಿಗಿಯಮ್ಮನಿಗೆ ಹರಕೆ ಹೊತ್ತಿದ್ದಾಳೆ. ತಿಂದಿದ್ದರೆ ಬರೆಯಬೇಡ.

ನಿನ್ನ
ಸುರೇಖಾ

*

ಹೊನ್ನಾವರ ತಾಲೂಕು
3 ಜನವರಿ 2006

ಸುರೇಖಾ,

ನಾನು ದಂಡೆಗೆ ವಾಪಸು ಬಂದಿದ್ದೇನೆ.

ಡಿಸೆಂಬರ್ ಹದಿನೆಂಟು, ಭಾನುವಾರ, ಇಲ್ಲಿಗೆ ಒಂದು ಪ್ರವಾಸದ ಬಸ್ಸು ಬಂದಿತ್ತು. ಹುಡುಗರು ಎಡಗಡೆಯ ಬಂಡೆಯ ಹತ್ತಿರ ನೀರಿಗೆ ಇಳಿದಿದ್ದಾರೆ. ಅಲ್ಲಿ ಮೇಲೆ ತೆರೆ ಸಣ್ಣದು, ಕೆಳಗೆ ನೀರು ಒಳಕ್ಕೆ ಎಳೆಯುತ್ತದೆ. ಗೊತ್ತಿಲ್ಲದವರಿಗೆ ಅದೇ ಸುರಕ್ಷಿತ ಜಾಗ ಅನ್ನಿಸುತ್ತದೆ. ನಾನಿದ್ದಾಗ ಅಲ್ಲಿಗೆ ಯಾರನ್ನೂ ಬಿಟ್ಟವನಲ್ಲ. ಚಹಾ ಅಂಗಡಿಯವನು ಸೀಟಿ ಊದಿದನಂತೆ. ಊದುತ್ತಲೇ ಇದ್ದನಂತೆ.

ಒಬ್ಬ ಹೋದ. ಹೆಸರು ಪ್ರವೀಣಕುಮಾರ. ಇಪ್ಪತ್ತು ವರ್ಷ. ಊರು ಕುಷ್ಟಗಿ. ನಮ್ಮ ಜಿಲ್ಲೆಯವನೇ. ಅಪ್ಪನ ಹೆಸರು ಪಕೀರಪ್ಪ. ಪೊಲೀಸರು ಬರೆದುಕೊಂಡದ್ದನ್ನು ಲಾಡ್ಜಿನಲ್ಲಿ ನೋಡಿ ವಿಳಾಸ ಬರೆದುಕೊಂಡೆ. ಅವರಿಗೆ ಕಾಗದ ಬರೆಯಲು ಕೂತರೆ "ನಾನು" ಎಂಬುದರ ಮುಂದೆ ಕೈ ಹೋಗುವುದಿಲ್ಲ.

ಮೇಸ್ತ್ರಿ ಮತ್ತೆ ಬಾ ಎಂದು ಹೇಳಿ ಕಳಿಸಿದ್ದಾನೆ. ನೀನಿದ್ದರೂ ಆಗುವುದು ಆಗುತ್ತಿತ್ತು ಅನ್ನುತ್ತಾನೆ. ನಾನಿದ್ದಿದ್ದರೆ ಆಗುತ್ತಿರಲಿಲ್ಲ, ಅಷ್ಟೇ.

ಅಪ್ಪನಿಗೆ ಇದನ್ನು ಹೇಳಲೇಬೇಕು. ಆದರೆ ಜೋಪಾನವಾಗಿ ಹೇಳು. ಹೋಗು ಎಂದವನು ಅವನು. ತಪ್ಪು ತನ್ನದು ಎಂದು ತಲೆಗೆ ಹಚ್ಚಿಕೊಳ್ಳಬಾರದು. ಹೋದವನು ನಾನು. ಈ ಒಂದು ಸಲ ನೀನು ನಿನ್ನ ಮಾತು ಸೇರಿಸಿದರೂ ನಡೆಯುತ್ತದೆ.

ಮಲ್ಲೇಶ

*

ಸಿದ್ದಾಪುರ
24 ಜನವರಿ 2006

ಅಣ್ಣಾ,

ನಿನ್ನ ಕಾಗದ ಬರುವ ಮೊದಲೇ ಅಪ್ಪನಿಗೆ ಗೊತ್ತಾಗಿತ್ತು. ನಮ್ಮೂರ ಚಹಾದ ಅಂಗಡಿಯಲ್ಲಿ ಯಾರೋ ಪೇಪರ್ ಓದಿ, ನಿಮ್ಮ ಮಲ್ಲೇಶ ಇರುವ ದಂಡೆಯಲ್ಲೇ ಅಲ್ಲವೇನು ಎಂದು ಕೇಳಿದ್ದಾರೆ. ಅಪ್ಪ ಮನೆಗೆ ಬಂದವನು ಕೋಲು ಮೂಲೆಗಿಟ್ಟು, "ಅವ ಅಲ್ಲೇ ಇದ್ದ. ಇದ್ದೂ ಹೆಂಗ ಬಿಟ್ಟ? ಮಲಗಿದ್ದನೇನು?" ಎಂದು ಅವ್ವನನ್ನು ಕೇಳಿದ. ಮೂರು ವಾರ ಅದೊಂದೇ ಮಾತು. ಉಣ್ಣುತ್ತ ಕೈ ನಿಲ್ಲಿಸಿ ಕೇಳುತ್ತಿದ್ದ. ನನ್ನ ಮಗ ಮಲಗಿದ್ದನೇನು?

ಅಣ್ಣಾ, ನೀನು ಹೊಸ ದಂಡೆಗೆ ಹೋದದ್ದು ಅಪ್ಪನಿಗೆ ಗೊತ್ತೇ ಇರಲಿಲ್ಲ.

ಅಪ್ಪ ನಿನಗೆ ಹೋಗು ಎಂದಿರಲಿಲ್ಲ. ನೀನು ಕೇಳಿ ಬರೆದ ಕಾಗದವನ್ನು ನಾನು ಸರಿಯಾಗಿಯೇ ಓದಿ ಹೇಳಿದ್ದೆ. ಅಪ್ಪ ತಡಮಾಡದೆ ಹೇಳಿದ, "ನೀರ ಇರೂತನಕ ದಂಡಿ ಬಿಡಬ್ಯಾಡ ಅಂತ ಬರಿ." ಅಷ್ಟೇ. ನಾನು ಬರೆಯಲು ಕೂತೆ. ಅಪ್ಪನ ಕಾಲುವೆಗೆ ಬೇಸಿಗೆಯಲ್ಲಿ ನೀರು ನಿಲ್ಲಿಸುತ್ತಾರೆ, ಎರಡು ತಿಂಗಳು ಅವನಿಗೆ ಬಿಡುವು ಸಿಗುತ್ತದೆ. ಸಮುದ್ರಕ್ಕೆ ನೀರು ನಿಲ್ಲಿಸುವವರು ಯಾರು? ಹಾಗಾದರೆ ನೀನು ಸಾಯುವವರೆಗೂ ಆ ಅರ್ಧ ಮೈಲಿನಲ್ಲೇ ಇರಬೇಕು ಅನ್ನಿಸಿತು. ಹರಿದು ಹಾಕಿ ಬೇರೆ ಬರೆದೆ. ಅದರಲ್ಲಿದ್ದ ಒಂದು ಮಾತೂ ಅಪ್ಪನದಲ್ಲ. ಹೆಬ್ಬೆಟ್ಟೂ ನನ್ನದೇ.

ತಮಾಷೆಗೆ ಮಾಡಿದೆ ಎಂದರೆ ಅದೂ ಸುಳ್ಳಾಗುತ್ತದೆ. ನಮ್ಮ ಮನೆಯಿಂದ ಒಬ್ಬರಾದರೂ ಎರಡನೆಯ ಮೈಲು ನೋಡಲಿ ಎಂದು ಮಾಡಿದೆ. ಆಮೇಲೆ ನೀನು ಕೇರಳದಿಂದ ಅತ್ತೆ ಎಂದು ಬರೆದೆಯಲ್ಲ, ಅದನ್ನು ಅಪ್ಪನಿಗೆ ಓದಲಿಲ್ಲ. ಇಲ್ಲೇ ಇದ್ದೇನೆ, ಆರಾಮ ಇದ್ದೇನೆ ಎಂದು ಬರೆದಿದ್ದಾನೆ ಅಂದೆ.

ನಿನ್ನ ಜನವರಿಯ ಕಾಗದ ಬಂದ ದಿನ ಎಲ್ಲ ಹೇಳಿದೆ. ಅವ್ವ ಹೊಡೆದಳು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ತನ್ನ ಮೈಲಿಗೆ ಬದಲಿ ಆಳು ಹಚ್ಚಿದ. ಕಾಲುವೆಯಲ್ಲಿ ನೀರು ಹರಿಯುತ್ತಿತ್ತು, ಅಣ್ಣಾ. ನೀರಿದ್ದಾಗ ಅಪ್ಪ ಮೈಲು ಬಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮರುದಿನ ಬೆಳಿಗ್ಗೆ ನನಗೆ, "ಚಪ್ಪಲಿ ಹಾಕ್ಕೋ, ಕುಷ್ಟಗಿಗೆ ಹೋಗೂದೈತಿ" ಎಂದ.

ಮನೆ ಕೇಳಿಕೊಂಡು ಹೋದೆವು. ಒಂದೇ ಖೋಲಿ, ಮುಂದೆ ತಗಡಿನ ಚಪ್ಪರ. ಪಕೀರಪ್ಪ ಜೋಳದ ಚೀಲದ ಮೇಲೆ ಕೂತಿದ್ದ. ತಾಯಿ ದುರಗಮ್ಮ ಒಳಗಿನಿಂದ ನೀರು ತಂದು ಕೊಟ್ಟಳು. ಯಾರು, ಯಾವ ಊರು ಎಂದು ಕೇಳಿದರು. ಅಪ್ಪ ಚೊಂಬು ಹಿಡಿದುಕೊಂಡೇ ಹೇಳಿದ. ಆ ದಂಡೆಯಲ್ಲಿ ಸೀಟಿ ಹಿಡಿದು ಕಾಯಬೇಕಾದವನು ನನ್ನ ಮಗ, ಆ ದಿನ ಅವನು ಅಲ್ಲಿರಲಿಲ್ಲ ಎಂದು.

ಪಕೀರಪ್ಪ ನೆಲ ನೋಡುತ್ತ, "ನಮ್ಮ ಕಡೆ ಈಸ ಕಲಿಯೂವಷ್ಟು ನೀರ ಇಲ್ರಿ" ಎಂದ. ಆಮೇಲೆ ತಲೆಯೆತ್ತಿ, "ನಿಮ್ಮ ಮಗ ಎಲ್ಲಿ ಹೋಗಿದ್ದ?" ಎಂದು ಕೇಳಿದ.

ನಾನು ಬಾಯಿ ತೆರೆದೆ. ಹೇಳಿಬಿಡಬೇಕು ಎಂದೇ ತೆರೆದದ್ದು. ಅಪ್ಪ ನನ್ನ ಕಡೆ ನೋಡದೆ ಹೇಳಿದ, "ಬ್ಯಾರೆ ದಂಡಿಗೆ ಹೋಗಿದ್ದ. ಅವ ನನ್ನ ಕೇಳಿದ್ದ. ನಾನ ಹೋಗು ಅಂದಿದ್ದೆ."

ದುರಗಮ್ಮ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡಳು. ಪಕೀರಪ್ಪ ಮಾತ್ರ ನಮ್ಮನ್ನು ಬಸ್ ನಿಲ್ದಾಣದ ತನಕ ಕಳಿಸಲು ಬಂದ. ಯಾಕೆ ಬಂದನೋ ಗೊತ್ತಿಲ್ಲ. ಬಸ್ಸು ಬರುವವರೆಗೆ ಇಬ್ಬರೂ ಪಕ್ಕಪಕ್ಕ ನಿಂತಿದ್ದರು.

ಸಿದ್ದಾಪುರಕ್ಕೆ ಬಂದು ಇಳಿದ ಮೇಲೆ ನಾನು, ಅಣ್ಣನಿಗೆ ಕಾಗದ ಬರೆಯಲೇ, ಏನು ಹೇಳುತ್ತೀಯ ಹೇಳು, ಹೇಳಿದಷ್ಟೇ ಬರೆಯುತ್ತೇನೆ ಎಂದೆ. "ಬ್ಯಾಡ" ಎಂದು ಕಾಲುವೆಯ ಕಡೆ ನಡೆದ.

ನನಗೆ ಏನು ಬರೆದು ಮುಗಿಸಬೇಕೋ ತಿಳಿಯುವುದಿಲ್ಲ.

ಸುರೇಖಾ

*

ಸಿದ್ದಾಪುರ
12 ಫೆಬ್ರುವರಿ 2006

ಮಲ್ಲೇಶಗ ಅಪ್ಪ ಓಬಳೆಪ್ಪನ ಆಶೀರ್ವಾದ.

ಈ ಕಾಗದ ಖಾಜಾಸಾಬ ಬರದಾನ. ನಾ ಹೇಳಿದ್ದು ಹೇಳಿದಂಗ ಬರಿ ಅಂತ ಹೇಳೇನಿ.

ಮೂರ ವಾರ ನೀ ಮಲಗಿದ್ದಿ ಅಂತ ತಿಳಕೊಂಡಿದ್ದೆ. ಅದು ನನ್ನ ತಪ್ಪು. ನೀ ಮಲಗೂ ಮಗ ಅಲ್ಲ ಅಂತ ನನಗ ಗೊತ್ತಿರಬೇಕಾಗಿತ್ತು.

ನಾ ಹೇಳಿದ್ದು ಇರು ಅಂತ. ನಿನಗ ಮುಟ್ಟಿದ್ದು ಹೋಗು ಅಂತ. ಆದರ ಕುಷ್ಟಗ್ಯಾಗ ಆ ಹುಡುಗನ ಅಪ್ಪನ ಮುಂದ ನಾ ಹೋಗು ಅಂದಿದ್ದೆ ಅಂತ ಹೇಳಿ ಬಂದೇನಿ. ಹೇಳಿದ ಮ್ಯಾಲೆ ಅದು ನಂದ ಮಾತು. ಇನ್ನ ನೀನೂ ಅದನ್ನ ಸುರೇಖಾನ ಮಾತು ಅನಬಾರದು.

ಆಕಿ ಕಾಲೇಜಿಗೆ ಹೋಗತಾಳ, ಬರತಾಳ. ಮನ್ಯಾಗ ದನಿ ಇಲ್ಲ. ಆಕಿ ಕೈಲೆ ಬರಸಾಕ ನನಗ ಇನ್ನೂ ಮನಸ ಬರವಲ್ಲದು. ಏನ ಮಾಡ್ಲಿ.

ಮತ್ತ ಆ ಮೇಸ್ತ್ರಿ ಕರದಾನ ಅಂತ ಗೊತ್ತಾತು. ಹೋಗು ಅಂತ ಒಮ್ಮಿ ನನ್ನ ಹೆಸರಿಲೆ ಆಗೇತಿ. ಇರು ಅಂತ ಒಮ್ಮಿ ನಾನ ಅಂದೇನಿ. ಎರಡೂ ಆದವು. ಮೂರನೇದು ನನ್ನ ಕಡೆ ಇಲ್ಲ. ನೀನ ನೋಡು.

ಓಬಳೆಪ್ಪ (ಹೆಬ್ಬೆಟ್ಟು)

ಬೇಟಾ, ಇದು ನಿಮ್ಮಪ್ಪನದೇ ಹೆಬ್ಬೆಟ್ಟು. ನಾನು ಕಣ್ಣಾರೆ ನೋಡಿ ಒತ್ತಿಸಿದ್ದೇನೆ. ಖಾಜಾಸಾಬ.

*

ಹೊನ್ನಾವರ ತಾಲೂಕು, ಸಮುದ್ರ ದಂಡೆ
5 ಮಾರ್ಚ್ 2006

ಸುರೇಖಾ,

ಮೇಸ್ತ್ರಿಗೆ ಬರುವುದಿಲ್ಲ ಎಂದು ಹೇಳಿದೆ. ಅವನು ಈ ಸಲ ಕೇಳಿದ್ದು ಮುಂದಿನ ವರ್ಷಕ್ಕೆ. ನಾನು ಹೇಳಿದ್ದು ಎಲ್ಲ ವರ್ಷಕ್ಕೂ. ಎಡಗಡೆಯ ಬಂಡೆಯ ಹತ್ತಿರ ಕಟ್ಟಿಗೆ ನೆಟ್ಟು ಹಗ್ಗ ಕಟ್ಟಿದ್ದೇನೆ. ಕೆಂಪು ಬಟ್ಟೆ ಹಾಕಿದ್ದೇನೆ. ಆದರೂ ದಿನಾ ಒಬ್ಬರಾದರೂ ಅದನ್ನು ದಾಟಲು ನೋಡುತ್ತಾರೆ. ಇಲ್ಲೇ ಇರುತ್ತೇನೆ. ಅಪ್ಪ ಇರು ಎಂದಿದ್ದ ಎಂದಲ್ಲ. ಈ ಬಂಡೆ ನನಗೆ ಗೊತ್ತು, ಅದಕ್ಕೆ.

ತೆರೆ ಹತ್ತಿ ಎರಡು ತಿಂಗಳಾಯಿತು. ಒಂದು ದಿನ ಹಲಗೆ ತೆಗೆದುಕೊಂಡು ನೀರಿಗೆ ಹೋದೆ, ಮೊಣಕಾಲಿನ ತನಕ. ತೆರೆ ಚೆನ್ನಾಗಿತ್ತು. ವಾಪಸು ಬಂದೆ.

ನಿನ್ನ ಮೇಲೆ ಸಿಟ್ಟಿಲ್ಲ. ಅಪ್ಪ ಬರೆಸಿದ್ದನ್ನು ಓದಿದೆ, ಅವನು ಹೇಳಿದ ಹಾಗೆಯೇ ನಡೆಯುತ್ತೇನೆ. ಆದರೂ ಒಂದು ಮಾತು ಹೇಳಬೇಕು. ನಾನು ಊರು ಬಿಟ್ಟ ಮೇಲೆ ಅಪ್ಪ ಎಂದರೆ ನನಗೆ ನಿನ್ನ ಅಕ್ಷರವೇ ಆಗಿತ್ತು. ಅವನ ಕೆಮ್ಮು, ಅವನ ಸಿಟ್ಟು, ಅವನು ಮಾತು ನಿಲ್ಲಿಸಿ ಮತ್ತೆ ಹಿಡಿಯುವುದು, ಎಲ್ಲ ನಿನ್ನ ದುಂಡು ಅಕ್ಷರದಲ್ಲೇ ಕೇಳಿಸಿಕೊಂಡವನು ನಾನು. ಖಾಜಾಸಾಬ ಕಾಕಾನ ಕಾಗದದಲ್ಲಿ ಇರುವುದು ನಿಜವಾದ ಅಪ್ಪನ ಮಾತು. ಓದಿದರೆ ಯಾರೋ ಬೇರೆಯವರು ಮಾತಾಡಿದ ಹಾಗೆ ಇದೆ. ನಿನ್ನ ಅಕ್ಷರ ನೋಡಿದರೆ ಮಾತ್ರ ಅಪ್ಪ ಎದುರಿಗೆ ಕೂತು ಹೋಗು ಅನ್ನುತ್ತಾನೆ. ಜನವರಿಯ ಕಾಗದದಲ್ಲಿ ಅಪ್ಪ ಹಾಗೆ ಹೇಳಿರಲಿಲ್ಲ ಎಂದು ನೀನು ಬರೆದ ಸಾಲನ್ನು ಓದುವಾಗಲೂ ಹಾಗೇ ಕೇಳಿಸಿತು.

ಅದು ಕೇಳಿಸುವುದು ನಿಲ್ಲುವವರೆಗೆ ನನಗೆ ಬರೆಯಬೇಡ. ಎಷ್ಟು ದಿನ ಎಂದು ನನಗೂ ಗೊತ್ತಿಲ್ಲ. ಬರೆದರೂ ಒಡೆಯುವ ಧೈರ್ಯ ನನಗಿಲ್ಲ. ಅವ್ವನನ್ನು ನೋಡಿಕೋ. ಅಪ್ಪ ಮತ್ತೆ ಬರಿ ಎಂದು ಕರೆದ ದಿನ, ಅವನು ಎಷ್ಟು ಹೇಳುತ್ತಾನೋ ಅಷ್ಟು ಬರೆದು ನಿನ್ನ ಹತ್ತಿರವೇ ಇಟ್ಟುಕೋ.

ಇವತ್ತು ಭಾನುವಾರ. ಎರಡು ಬಸ್ಸು ಬಂದು ನಿಂತಿವೆ. ಹುಡುಗರು ಆಗಲೇ ಅಂಗಿ ಬಿಚ್ಚುತ್ತಿದ್ದಾರೆ. ಎದ್ದು ಹೋಗಬೇಕು.

ನಿನ್ನ ಅಣ್ಣ,
ಮಲ್ಲೇಶ